ಎರಿ, ಮಸಾರಿ, ಚುರಮರಿ

ಧಾರವಾಡದಲ್ಲಿ ಕಾರಿನ ಮ್ಯಾಟು ನೋಡಿ ಆ ಮನೆಯವರ ಬೀಗರು ಯಾವ ದಿಕ್ಕಿನವರು ಎಂದು ಹೇಳಿಬಿಡಬಹುದು. ಮ್ಯಾಟಿಗೆ ಕರೀ ಹೆಂಟೆ ಕಚ್ಚಿಕೊಂಡಿದ್ದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯವರು. ಕೆಂಪು ಹುಡಿ ಹಾಸಿಕೊಂಡಿದ್ದರೆ ಅಳ್ನಾವರ, ಕಲಘಟಗಿ, ಹಳಿಯಾಳದ ಕಡೆಯವರು. ಮಲೆನಾಡು ಮುಗಿದು ಬಯಲುಸೀಮೆ ಸುರುವಾಗುವ ಗೆರೆಯ ಮೇಲೇ ಊರು ಕೂತಿದೆ. ಮೂಡಣಕ್ಕೆ ಹೋದರೆ ಎರಿ, ಪಡುವಣಕ್ಕೆ ಹೋದರೆ ಮಸಾರಿ. ನನ್ನ ಹೆಂಡತಿಯ ತವರು ನವಲಗುಂದ ತಾಲ್ಲೂಕಿನಲ್ಲಿ, ನನ್ನ ಮೂಲ ಮನೆ ಅಳ್ನಾವರದ ಆಚೆ. ಹೀಗಾಗಿ ನಮ್ಮ ಹಳೇ ವ್ಯಾಗನ್ ಆರ್ ಗಾಡಿಯಲ್ಲಿ ಎರಡೂ ಮಣ್ಣು ಇವೆ. ಅವುಗಳಲ್ಲಿ ಯಾವುದು ಹೆಚ್ಚು ಹೊಲಸು ಎಂಬುದು ಮದುವೆಯಾದಂದಿನಿಂದ ಇತ್ಯರ್ಥವಾಗದ ವ್ಯಾಜ್ಯ.

"ನಿಮ್ಮೂರ ಧೂಳಾ ಅರಿವಿಗೆ ಹತ್ತಿದ್ರ ಸಾಬಾಣ ಖರ್ಚಾಗತೈತಿ ಹೊರ್ತು ಧೂಳಾ ಹೋಗಂಗಿಲ್ಲ," ಎನ್ನುತ್ತಾಳೆ ಅವಳು.

"ನಿಮ್ಮೂರ ಮಣ್ಣ ಕಾಲಿಗೆ ಹತ್ತಿದ್ರ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕಾಗತೈತಿ," ಎನ್ನುತ್ತೇನೆ ನಾನು.

ಇಬ್ಬರದೂ ಖರೇ ಮಾತು. ಎರಿಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಪದರು ಪದರಾದ ಖನಿಜ ಇರುತ್ತದೆ. ಮಳೆ ಬಿದ್ದರೆ ನೀರು ಪದರುಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ. ಬ್ಯಾಸಗಿಯಲ್ಲಿ ಅದೇ ನೀರು ಆರಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಈ ಗುಣದಿಂದಲೇ ಮಳೆಗಾಲ ಮುಗಿದ ಮೇಲೂ ಹಸಿ ಹಿಡಿದುಕೊಂಡು ಅಲ್ಲಿ ಹಿಂಗಾರಿ ಕಡಲಿ, ಗೋದಿ, ಬಿಳಿಜೋಳ ಬೆಳೆಯುತ್ತವೆ. ಹೊಲದಲ್ಲಿ ಪುಣ್ಯ, ಕಾರಿನಲ್ಲಿ ಕರ್ಮ. ಹಸಿ ಇದ್ದಾಗ ಒರೆಸಿದರೆ ಕಾಡಿಗೆ ಬಳಿದ ಹಾಗೆ ಹರಡುತ್ತದೆ, ಒಣಗಿದ ಮೇಲೆ ಬ್ರೇಕಿನ ಕೆಳಗಿನ ಕಾರ್ಪೆಟ್ಟಿನ ಕೂದಲು ಕಚ್ಚಿಕೊಂಡು ಬಿಡುವುದಿಲ್ಲ. ಅದಕ್ಕೆ ಇರುವುದು ಒಂದೇ ಹಾದಿ. ಪೂರ್ತಿ ಒಣಗಲು ಬಿಟ್ಟು, ಮ್ಯಾಟು ಹೊರಗೆ ತೆಗೆದು ಬಡಿಗೆಯಿಂದ ಬಡಿದು, ಕಾರ್ಪೆಟ್ಟನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ಪುಡಿ ಮಾಡಿಕೊಂಡು, ಆಮೇಲೆ ಆ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆಯಬೇಕು. ಹೆಂಟೆಯನ್ನು ನೇರ ಎಳೆದುಕೊಳ್ಳುವ ಯಂತ್ರ ಎಷ್ಟು ಸಾವಿರ ಕೊಟ್ಟರೂ ಸಿಗುವುದಿಲ್ಲ.

ಮಸಾರಿಯದು ಬೇರೆ ತರಹದ ಕಿರುಕುಳ. ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಆ ಮಣ್ಣು ಹೊಲದಲ್ಲಿ ಉಸುಕುಸುಕಾಗಿಯೇ ಇರುತ್ತದೆ, ಆದರೆ ಕಿಟಕಿಯಿಂದ ಬರುವುದು ಅದರ ಹಿಟ್ಟು ಮಾತ್ರ. ಸೀಟಿನ ಬಟ್ಟೆಯ ನೇಯ್ಗೆಯೊಳಗೆ, ಬೆಲ್ಟಿನ ಪಟ್ಟಿಯೊಳಗೆ, ಎಸಿ ಕಿಂಡಿಯೊಳಗೆ ಹೋಗಿ ಕೂತುಬಿಡುತ್ತದೆ. ಒದ್ದಿ ಅರಿವಿ ಹಾಕಿದಿರೋ, ತಿಳಿಬೂದು ಸೀಟಿನ ಮೇಲೆ ಚಹಾ ಬಣ್ಣದ ನಕಾಶೆ ಮೂಡುತ್ತದೆ. ಇವೆರಡರ ಮೇಲೆ ಹುಬ್ಬಳ್ಳಿಯದೊಂದು ಬೂದು ಧೂಳಿನ ಪದರು. ಬಿಆರ್‌ಟಿಎಸ್ ಕಾಮಗಾರಿ ನಡೆದ ವರ್ಷಗಳಲ್ಲಿ ಅವಳಿ ನಗರದ ಜನ ಅದನ್ನು ಉಂಡೂ ಇದ್ದಾರೆ, ಉಟ್ಟೂ ಇದ್ದಾರೆ. ಚನ್ನಮ್ಮ ವೃತ್ತದ ಮೇಲ್ಸೇತುವೆಯ ಕೆಲಸ ಸುರುವಾದಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು.

ಉಳಿದದ್ದು ತಿನ್ನುವವರ ಕಾಣಿಕೆ. ಕಾರಿನಲ್ಲಿ ಗಿರಮಿಟ್ಟು ತಿನ್ನಬಾರದು ಎಂದು ನಾನು ಕಾನೂನು ಮಾಡಿದ್ದೇನೆ, ಅದನ್ನು ಮುರಿಯುವವರಲ್ಲಿ ನಾನೂ ಒಬ್ಬ. ಕಾಗದದ ಪೊಟ್ಟಣದಿಂದ ಒಂದು ಚುರಮರಿ ಜಾರಿದರೆ ಅದು ಹೋಗುವ ಜಾಗ ಒಂದೇ: ಸೀಟು ಹಿಂದೆ ಮುಂದೆ ಸರಿಯುವ ಹಳಿಯ ಸಂದು. ಜೊತೆಗೆ ಉಳ್ಳಾಗಡ್ಡಿ ಚೂರು, ಪುಠಾಣಿ ಹಿಟ್ಟು, ಎಣ್ಣೆ. ಹಿಂದಿನ ಸೀಟಿಗೆ ಮಾವನ ಮನೆಯವರು ಕೊಟ್ಟ ನವಲಗುಂದದ ಜಮಖಾನಾ ಹಾಸಿದ್ದೇವೆ, ಗಟ್ಟಿ ನೇಯ್ಗೆ, ಬಣ್ಣ ಇನ್ನೂ ಮಾಸಿಲ್ಲ. ಅದರ ಏಣುಗಳಲ್ಲಿ ಶೇಂಗಾ ಸಿಪ್ಪೆ ಬೆಚ್ಚಗೆ ಮಲಗಿರುತ್ತದೆ. ಪೇಢಾದ ಪುಡಿ ಮಾತ್ರ ನಮಗೆ ಉಳಿಯುವುದಿಲ್ಲ. ಅದನ್ನು ಇರುವೆಗಳು ನೋಡಿಕೊಳ್ಳುತ್ತವೆ.

ಇಷ್ಟಕ್ಕೆಲ್ಲ ಮೊದಲು ಇದ್ದದ್ದು ಒಂದು ಮೋಟು ಕಸಬರಗಿ ಮತ್ತು ಬಣ್ಣ ಹಚ್ಚುವ ಹಳೇ ಬ್ರಷ್ಷು. ಕಾರಿನೊಳಗೆ ಕಸಬರಗಿ ಆಡಿಸಿದರೆ ಮುಂದಿನ ಸೀಟಿನ ಧೂಳು ಎದ್ದು ಹಿಂದಿನ ಸೀಟಿಗೆ ಹೋಗಿ ಕೂಡುತ್ತದೆ, ಅಷ್ಟೇ. ನೀರು ಹೊಡೆದು ತೊಳೆಯುವ ಶೋಕಿ ನಮ್ಮ ಊರಿಗೆ ಒಗ್ಗಿದ್ದಲ್ಲ. 1955ರ ನೀರಸಾಗರ, ಆಮೇಲೆ ಸವದತ್ತಿಯ ಮಲಪ್ರಭಾ ಜಲಾಶಯ, ಇವೆರಡನ್ನು ನಂಬಿದ ಊರಿನಲ್ಲಿ ನಳ ಬರುವ ದಿನವೇ ಒಂದು ಹಬ್ಬವಾಗಿತ್ತು. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ 24×7 ನೀರಿನ ಪ್ರಯೋಗ ಸುರುವಾದಾಗ ಆ ವಾರ್ಡಿನಲ್ಲಿ ಮನೆ ಇದ್ದವರಿಗೆ ಹೆಣ್ಣು ಕೊಡುವುದಕ್ಕೂ ಜನ ಮುಂದೆ ಬಂದಿರಬೇಕು. ಉಳಿದ ಓಣಿಗಳಲ್ಲಿ ಪೈಪು ಹಿಡಿದು ಕಾರು ತೊಳೆಯುವವನನ್ನು ಇವತ್ತಿಗೂ ಜನ ನಿಂತು ನೋಡುತ್ತಾರೆ, ಮೆಚ್ಚಿ ಅಲ್ಲ. ಸರ್ವಿಸಿಂಗಿಗೆ ಕೊಟ್ಟರೆ ಹೊರಗೆ ನೊರೆ, ಒಳಗೆ ಎರಡು ಸಲ ಬುರ್ರ್, ಮುನ್ನೂರು ನಾಲ್ಕುನೂರು ರೊಕ್ಕ. ಸೀಟಿನ ಹಳಿಯ ಚುರಮರಿಗೆ ಅದರ ಸುದ್ದಿಯೇ ಮುಟ್ಟಿರುವುದಿಲ್ಲ.

"ಒಂದು ವ್ಯಾಕ್ಯೂಮ್ ಮಶೀನ್ ತಗೊಳ್ರಿ," ಎಂದಳು ಹೆಂಡತಿ. "ಐದ ಸಾವಿರದ ಒಳಗ."

ಆ ಐದು ಸಾವಿರವೇ ಎಲ್ಲ ತೊಂದರೆಯ ಮೂಲ. ಹದಿನೈದು ಸಾವಿರ ಇದ್ದವನಿಗೆ ವಿಚಾರ ಮಾಡುವ ಕೆಲಸ ಇರುವುದಿಲ್ಲ. ಅಂಗಡಿಯವನೇ ಅವನ ಪರವಾಗಿ ವಿಚಾರ ಮಾಡುತ್ತಾನೆ. ಐದು ಸಾವಿರದವನು ತನ್ನ ಕಸ ಯಾವುದು ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಎದುರುಮನೆಯ ಕಾಕಾ ಕರ್ನಾಟಕ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಕಟ್ಟೆಯ ಮೇಲೆ ಈ ವಿಷಯ ಎತ್ತಿದ್ದೇ ತಡ, 1901ಕ್ಕೆ ಹೋದರು. ಲಂಡನ್ನಿನಲ್ಲಿ ಯಾರೋ ಧೂಳು ಊದುವ ಯಂತ್ರ ತೋರಿಸುತ್ತಿದ್ದರಂತೆ. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು, ಊದುವ ಬದಲು ಎಳೆದರೆ ಹೇಗೆ ಎಂದು ಕೇಳಿದ. ಆಗದ ಮಾತು ಎಂದು ಸಿಟ್ಟಿನ ಉತ್ತರ ಬಂತು. ಬೂತ್ ಒಂದು ಹೋಟೆಲಿಗೆ ಹೋಗಿ ಮೆತ್ತನೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಉಸಿರು ಎಳೆದ. ಕೆಮ್ಮು ಬಂತು, ಕರವಸ್ತ್ರದ ಕೆಳಮೈ ಕರ್ರಗಾಗಿತ್ತು. ಅವನು ಆಮೇಲೆ ಮಾಡಿದ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆ ಕಟ್ಟಿ ಎಳೆಯಬೇಕು, ಅದು ಬೀದಿಯಲ್ಲೇ ನಿಲ್ಲಬೇಕು, ಉದ್ದನೆಯ ಪೈಪು ಮಾತ್ರ ಕಿಟಕಿಯಿಂದ ಒಳಗೆ ಹೋಗಬೇಕು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಅದರಿಂದಲೇ ಸ್ವಚ್ಛ ಮಾಡಿದರು.

"ನೀ ತಗೊಳ್ಳೂ ಡ್ರಮ್ ವ್ಯಾಕ್ಯೂಮೂ ಅದ ಜಾತಿದಪಾ," ಎಂದರು ಕಾಕಾ. "ಡ್ರಮ್ ಹೊರಗ, ಪೈಪ್ ಕಿಡಕಿ ಒಳಗ. ಕುದುರಿ ಬದ್ಲಿ ಹೆಸ್ಕಾಂ ಕರೆಂಟ್."

ಮುಂದೆ ಅವರು ಹೇಳಿದ್ದನ್ನು ನಾನು ಅಂಗಡಿಯವರೆಗೂ ಬಾಯಿಪಾಠ ಮಾಡಿಕೊಂಡು ಹೋದೆ. ಯಂತ್ರ ಧೂಳನ್ನು ಎಳೆಯುವುದೇ ಇಲ್ಲ. ಅದರ ಫ್ಯಾನು ಡ್ರಮ್ಮಿನ ಗಾಳಿಯನ್ನು ಹೊರಗೆ ಹಾಕುತ್ತದೆ. ಒಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ಪೈಪಿನಿಂದ ನುಗ್ಗುತ್ತದೆ, ನುಗ್ಗುವಾಗ ಧೂಳನ್ನು ಕರೆದುಕೊಂಡು ಬರುತ್ತದೆ. ಸಮುದ್ರದ ದಂಡೆಯಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪಾಸ್ಕಲ್. 700 ಮೀಟರ್ ಎತ್ತರದ ನಮ್ಮ ಊರಿನಲ್ಲಿ 93ರ ಆಸುಪಾಸು. ಮನೆಬಳಕೆಯ ಯಂತ್ರ ಅದರಲ್ಲಿ ಇಳಿಸುವುದು ಹದಿನೈದರಿಂದ ಇಪ್ಪತ್ತು ಕಿಲೋಪಾಸ್ಕಲ್. ಆದರೆ ಒತ್ತಡ ಒಂದನ್ನೇ ನೋಡಬಾರದು, ಒಂದು ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಓಡುತ್ತದೆ ಎಂಬುದನ್ನೂ ನೋಡಬೇಕು. ಎರಡನ್ನೂ ಗುಣಿಸಿದರೆ ಕೆಲಸದ ಅಂದಾಜು ಸಿಗುತ್ತದೆ.

ಡಬ್ಬಿಯ ಮೇಲೆ ಇವೆರಡೂ ಇರುವುದು ಅಪರೂಪ. ಅಲ್ಲಿ ಬೆರಳೆತ್ತರ ಅಕ್ಷರದಲ್ಲಿ ಇರುವುದು ವ್ಯಾಟು. 1200, 1400, 1600. ವ್ಯಾಟು ಯಂತ್ರ ಉಣ್ಣುವ ಕರೆಂಟು, ದುಡಿಯುವ ದುಡಿಮೆ ಅಲ್ಲ. ಪಂಕ್ತಿಯಲ್ಲಿ ಹತ್ತು ಹೋಳಿಗೆ ಉಂಡವನೇ ಹೆಚ್ಚು ಹೊಲ ಉಳುತ್ತಾನೆಂದು ಯಾವ ಗೌಡನೂ ನಂಬುವುದಿಲ್ಲ, ಯಂತ್ರದ ವಿಷಯದಲ್ಲಿ ಮಾತ್ರ ನಾವು ನಂಬುತ್ತೇವೆ. ಯುರೋಪಿನವರು ಇದಕ್ಕೊಂದು ಕಾಯಿದೆಯನ್ನೇ ಮಾಡಿದರು: 2014ರ ಸೆಪ್ಟೆಂಬರಿನಿಂದ ಮನೆಬಳಕೆಯ ವ್ಯಾಕ್ಯೂಮು 1600 ವ್ಯಾಟ್ ಮೀರಬಾರದು, 2017ರ ಸೆಪ್ಟೆಂಬರಿನಿಂದ 900. ಅಲ್ಲಿನ ಮನೆಗಳೇನೂ ಧೂಳಿನಲ್ಲಿ ಮುಳುಗಲಿಲ್ಲ. ಹಳದಿ ಬಣ್ಣದ ಜರ್ಮನ್ ಕಾರ್ಚರ್‌ನ ಡಬ್ಲ್ಯೂಡಿ 3 ಎಂಬ ಹೆಸರುವಾಸಿ ಡ್ರಮ್ಮು 17 ಲೀಟರಿನದು, 1000 ವ್ಯಾಟು. ಅದೇ ಸಾಲಿನಲ್ಲಿ ಅದಕ್ಕಿಂತ ಅಗ್ಗವಾಗಿ 1600 ವ್ಯಾಟಿನದು ಇಟ್ಟಿದ್ದರೆ ಹೆಚ್ಚಿನ 600 ವ್ಯಾಟು ಶಬ್ದಕ್ಕೋ, ಶಾಖಕ್ಕೋ, ಗಾಳಿಗೋ ಎಂದು ಕೇಳುವ ಹಕ್ಕು ನಮಗಿದೆ.

ಕಾರಿನ ಸಿಗರೇಟ್ ಲೈಟರಿನ ತೂತಿಗೆ ಸಿಗಿಸುವ ಸಣ್ಣ ವ್ಯಾಕ್ಯೂಮುಗಳ ಲೆಕ್ಕ ಇನ್ನೂ ಸುಲಭ. 12 ವೋಲ್ಟು, 10 ಆಂಪಿಯರು, ಗುಣಿಸಿದರೆ 120 ವ್ಯಾಟು. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ ಫ್ಯೂಜು ಹೋಗಬಹುದು. ಚುರಮರಿ ಹಗುರ, ಮೈ ದೊಡ್ಡದು, ಅಷ್ಟು ಗಾಳಿಗೂ ಎದ್ದು ಬರುತ್ತದೆ. ಮಸಾರಿ ಹಿಟ್ಟು ಬಟ್ಟೆ ಬಿಟ್ಟು ಅಲುಗಾಡುವುದಿಲ್ಲ. ಬ್ಯಾಟರಿಯದನ್ನು ನಾನು ವಿಚಾರಕ್ಕೇ ತೆಗೆದುಕೊಳ್ಳಲಿಲ್ಲ. ಚಲೋದಕ್ಕೆ ನಮ್ಮ ರೊಕ್ಕ ಸಾಲದು, ನಮ್ಮ ರೊಕ್ಕಕ್ಕೆ ಸಿಗುವುದು ಡಿಕ್ಕಿಯವರೆಗೆ ಬರುವಷ್ಟರಲ್ಲಿ ಸುಸ್ತಾಗುತ್ತದೆ. ಉಳಿದದ್ದು ಡ್ರಮ್ಮು. ಅಮೆರಿಕದಲ್ಲಿ ಬಡಿಗರ ಅಂಗಡಿ, ಗ್ಯಾರೇಜುಗಳಿಗೆಂದು ಹುಟ್ಟಿದ ಯಂತ್ರ, ಒಣ ಕಸವನ್ನೂ ನೀರನ್ನೂ ಎರಡನ್ನೂ ಎಳೆಯುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ 'ವೆಟ್ ಅಂಡ್ ಡ್ರೈ' ಎಂದರೆ ಮುಂದೆ ತಂದಿಡುತ್ತಾರೆ.

ಹುಬ್ಬಳ್ಳಿಗೆ ಹೋದದ್ದು ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನಲ್ಲಿ. ಕಾರಿಗೆ ಬೇಕಾದ ಸಾಮಾನು ತರಲು ಬಸ್ಸಿನಲ್ಲಿ ಹೋಗುವುದು ಯಾಕೆ ಎಂದು ಕೇಳುವವರು ಕೊಪ್ಪಿಕರ ರಸ್ತೆಯಲ್ಲಿ ಎಂದೂ ಕಾರು ನಿಲ್ಲಿಸಲು ನೋಡಿಲ್ಲ. ಹೆಂಡತಿಯ ಕೈಯಲ್ಲಿ ಸೀರೆ ಅಂಗಡಿಯ ದೊಡ್ಡ ಚೀಲವೊಂದಿತ್ತು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಜುಬಿಲಿ ಸರ್ಕಲ್ಲಿನಲ್ಲೇ ವಾಪಸು ಕರೆದುಕೊಂಡು ಹೋಗುತ್ತಿದ್ದೆ.

ಅಂಗಡಿಯ ಹುಡುಗ ಚುರುಕಾಗಿದ್ದ. ದೊಡ್ಡ ಡ್ರಮ್ಮು ಚಾಲೂ ಮಾಡಿ, "ಸರ್, ಇಲ್ಲಿ ಕೈ ಹಿಡೀರಿ," ಎಂದ. ಹಿಡಿದೆ. ಪೈಪು ಅಂಗೈಯನ್ನು ಚಪ್ಪೆಂದು ಕಚ್ಚಿತು, ಮೋಟರು ಚೀರತೊಡಗಿತು. "ನೋಡಿದ್ರ್ಯಾ ಪವರ್?"

ಕಾಕಾ ಇದನ್ನೂ ಹೇಳಿದ್ದರು. ಬಾಯಿ ಮುಚ್ಚಿದಾಗ ಗಾಳಿ ಓಡುವುದಿಲ್ಲ. ಗಾಳಿ ದೂಡುವ ಹೊರೆ ಇಲ್ಲದ್ದಕ್ಕೆ ಮೋಟರು ಇನ್ನೂ ಜೋರಾಗಿ ತಿರುಗಿ ಚೀರುತ್ತದೆ. ಗಿರಾಕಿ ಚೀರುವುದನ್ನೇ ತಾಕತ್ತು ಎಂದು ತಿಳಿಯುತ್ತಾನೆ. ಧೂಳನ್ನು ಹೊರುವುದು ಓಡುವ ಗಾಳಿ, ಅಂಗೈಗೆ ಗೊತ್ತಾಗುವುದು ನಿಂತ ಗಾಳಿ. ನಾನು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಚೀಲದಿಂದ ಕಾರಿನ ಮ್ಯಾಟು ತೆಗೆದು ನೆಲಕ್ಕೆ ಹಾಸಿದಳು. ಚಾಲಕನ ಕಡೆಯದು, ಝಾಡಿಸದ್ದು. ಅದರ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿ ಸುರುವಿದಳು: ಒಂದು ಹಿಡಿ ಚುರಮರಿ, ಜಮಖಾನಾದ ನಾಲ್ಕು ಎಳೆ, ಒಂದಿಷ್ಟು ಹುಡಿ ಕೆಂಪು, ಒಂದಿಷ್ಟು ಹುಡಿ ಕರಿ.

"ಅಕ್ಕಾರ, ಏನ್ರೀ ಇದು?" ಎಂದ ಹುಡುಗ.

"ನಮ್ಮ ಕಾರ್ ರೀ."

ಗಲ್ಲೆಯ ಹಿಂದಿನ ಮಾಲೀಕರು ಕನ್ನಡಕ ಏರಿಸಿದರು. ಬೈಯುತ್ತಾರೆಂದುಕೊಂಡೆ. ಅವರು ಎದ್ದು ಬಂದು ಮೊಣಕಾಲ ಮೇಲೆ ಕೂತು, ಕರೀ ಪುಡಿಯನ್ನು ಬೆರಳಲ್ಲಿ ತಿಕ್ಕಿ, "ನವಲಗುಂದ ಏನ್ರೀ?" ಎಂದರು. ಆಮೇಲಿನ ಅರ್ಧ ಗಂಟೆ ಅಂಗಡಿಯಲ್ಲಿ ಬೇರೆ ವ್ಯಾಪಾರ ನಡೆಯಲಿಲ್ಲ.

ದೊಡ್ಡ ಡ್ರಮ್ಮಿಗೆ ಅಗಲವಾದ ಚಪ್ಪಟೆ ಮೂತಿ ಹಾಕಿದ್ದರು. ಮ್ಯಾಟಿನ ಮೇಲೆ ಇಟ್ಟಕೂಡಲೇ ಅದು ಮ್ಯಾಟನ್ನೇ ಮೇಲೆತ್ತಿಕೊಂಡಿತು. ಹುಡುಗ ಒಂದು ಕಾಲು ಮ್ಯಾಟಿನ ಮೇಲೆ ಊರಿ ಇನ್ನೊಂದು ಕಾಲಲ್ಲಿ ಕುಣಿದ. ಚುರಮರಿ ಹೋಯಿತು, ಎಳೆ ಹೋದವು, ಕೆಂಪು ಅರ್ಧ ಹೋಯಿತು, ಕರಿಯದು ಗೆರೆಗಳ ಸಂದಿಯಲ್ಲಿ ಹಾಗೇ ಕೂತಿತ್ತು. ಸಣ್ಣ ಡ್ರಮ್ಮಿಗೆ, 1200 ವ್ಯಾಟಿನದು, ಹತ್ತು ಲೀಟರಿನದು, ಕೊಕ್ಕಿನಂಥ ಉದ್ದ ಮೂತಿ ಸಿಗಿಸಿದರು. ಗೆರೆ ಹಿಡಿದು ಎಳೆದಂತೆ ಕರೀ ಪುಡಿ ಸಾಲು ಸಾಲಾಗಿ ಮಾಯವಾಯಿತು. ಹುಡುಗನಿಗೇ ಆಶ್ಚರ್ಯ. ಮಾಲೀಕರು ಅದೇ ಕೊಕ್ಕನ್ನು ದೊಡ್ಡ ಡ್ರಮ್ಮಿಗೆ ಹಾಕಿ ನೋಡಿದರು. ಅದೂ ಅಷ್ಟೇ ಚೆನ್ನಾಗಿ ಎಳೆಯಿತು. ಗಾಳಿ ಅದೇ, ಹಾದಿ ಇಕ್ಕಟ್ಟಾದಾಗ ಓಟ ಹೆಚ್ಚಾಗುತ್ತದೆ. ಭಾರದ ಕಣ ಏಳಬೇಕಾದರೆ ಆ ಓಟ ಬೇಕು. ಕೆಲಸ ಮಾಡಿದ್ದು ಇನ್ನೂರು ಗ್ರಾಮಿನ ಪ್ಲಾಸ್ಟಿಕ್ ಮೂತಿ. ಹಾಗಿದ್ದಮೇಲೆ ನಾಲ್ಕೂವರೆ ಸಾವಿರದ ಸಣ್ಣದನ್ನು ಬಿಟ್ಟು ಏಳು ಸಾವಿರದ ದೊಡ್ಡದಕ್ಕೆ ಯಾಕೆ ಹೋಗಬೇಕು?

ಇಪ್ಪತ್ತೊಂದು ಲೀಟರಿನ ಡ್ರಮ್ಮು ಬಡಿಗರಿಗೆ ಸರಿ, ಕಟ್ಟಿಗೆ ಹೊಟ್ಟು ರಾಶಿ ಬೀಳುತ್ತದೆ. ಕಾರಿನ ಕಸ, ಎರಡು ತಾಲ್ಲೂಕಿನದು ಕೂಡಿಸಿದರೂ, ಒಂದು ಚರಿಗೆ ತುಂಬುವುದಿಲ್ಲ. ನೋಡಬೇಕಾದದ್ದು ಪೈಪು. ಒಂದೂವರೆ ಮೀಟರಿನದಾದರೆ ಡ್ರಮ್ಮನ್ನು ಬಾಗಿಲಿಂದ ಬಾಗಿಲಿಗೆ ಹೊತ್ತು ತಿರುಗಬೇಕು. ಎರಡು ಮೀಟರು ಇದ್ದರೆ ಒಂದು ಕಡೆ ಇಟ್ಟು ಅರ್ಧ ಗಾಡಿ ಮುಗಿಸಬಹುದು. ಬಾಯಿ ಮೂವತ್ತೈದು ಮಿಲಿಮೀಟರಿನ ಹತ್ತಿರ ಇದ್ದರೆ ಒಳ್ಳೆಯದು. ತೀರಾ ಸಣ್ಣದರಲ್ಲಿ ಶೇಂಗಾ ಸಿಪ್ಪೆ ಅಡ್ಡ ನಿಲ್ಲುತ್ತದೆ, ಗ್ಯಾರೇಜಿನ ದಪ್ಪ ಪೈಪು ಸೀಟಿನ ಕೆಳಗೆ ತಿರುಗುವುದೇ ಇಲ್ಲ. ಆಮೇಲೆ ವಾಯರು. ಐದು ಮೀಟರು ಇದ್ದರೆ ಎಕ್ಸ್‌ಟೆನ್ಶನ್ ಬೋರ್ಡಿನ ಗೊಡವೆ ಕಡಿಮೆ. 1200 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಐದು ಆಂಪಿಯರ ಮೇಲೆ ಬರುತ್ತದೆ; ಮೊಬೈಲು ಚಾರ್ಜು ಮಾಡುವ ಸಪೂರ ಬೋರ್ಡಿಗೆ ಹಚ್ಚಿದರೆ ಪ್ಲಗ್ಗು ಕಾವೇರಿ ವಾಸನೆ ಬರುತ್ತದೆ. 16 ಆಂಪಿಯರಿನ ದೊಡ್ಡ ತೂತಿನ ಪ್ಲಗ್ಗಿಗೇ ಹಚ್ಚಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಯಂತ್ರ ಕೊಳ್ಳುವ ಮೊದಲು ಅಲ್ಲಿ ಪ್ಲಗ್ಗು ಇದೆಯೇ ಎಂದು ನೋಡುವುದು ಮೇಲು. ಎರಡನೇ ಮಾಳಿಗೆಯಿಂದ ವಾಯರು ಇಳಿಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

"ಮೂತಿ ಕಳದ್ರ ಬ್ಯಾರೆ ಸಿಗತಾವೇನ್ರಿ?" ಎಂದು ಹೆಂಡತಿ ಕೇಳಿದ್ದು ಆ ದಿನದ ಅತಿ ಶಾಣ್ಯಾ ಪ್ರಶ್ನೆ. ಮಾಲೀಕರು ಒಳಗೆ ಹೋಗಿ ಧೂಳು ಹಿಡಿದ ಒಂದು ಪೆಟ್ಟಿಗೆ ತಂದು ತೋರಿಸಿದರು: ಕೊಕ್ಕು, ಬ್ರಷ್ಷು, ಫಿಲ್ಟರು, ಎಲ್ಲ ಬಿಡಿಬಿಡಿ. ಮೊಬೈಲಿನಲ್ಲಿ ಇದೇ ಡ್ರಮ್ಮು ಇನ್ನೂರು ರೂಪಾಯಿ ಕಡಿಮೆ ಇತ್ತು, ಆದರೆ ಈ ಪೆಟ್ಟಿಗೆ ಅದರಲ್ಲಿ ಇರಲಿಲ್ಲ. ಚೌಕಾಶಿಯಲ್ಲಿ ಅವಳು ಬೆಲೆ ಇಳಿಸಲು ಹೋಗಲೇ ಇಲ್ಲ. "ರೊಕ್ಕ ನೀವು ಹೇಳಿದ್ದ ತಗೊಳ್ರಿ, ಫಿಲ್ಟರ್ ಇನ್ನೊಂದ ಹಾಕ್ರಿ," ಎಂದಳು. ಅವರು ಒಂದು ಕ್ಷಣ ಮ್ಯಾಟನ್ನೂ ಅವಳನ್ನೂ ನೋಡಿ ಹಾಕಿಬಿಟ್ಟರು. ಬಸ್ಸಿನಲ್ಲಿ ಡ್ರಮ್ಮು ನನ್ನ ತೊಡೆಯ ಮೇಲೆ, ಮ್ಯಾಟು ಅವಳ ಚೀಲದಲ್ಲಿ. ಅದು ಧಾರವಾಡದಲ್ಲೇ ಅತಿ ಸ್ವಚ್ಛವಾದ ಮ್ಯಾಟು.

ಆ ಇನ್ನೊಂದು ಫಿಲ್ಟರಿನ ಬೆಲೆ ಎಷ್ಟು ಎಂಬುದು ಆಮೇಲೆ ತಿಳಿಯಿತು. ಇಂಥ ಯಂತ್ರಗಳ ಎಲ್ಲ ಗುಟ್ಟು ಫಿಲ್ಟರಿನಲ್ಲಿದೆ. ಅಮೆರಿಕದ ಓಹಾಯೊದಲ್ಲಿ ಜೇಮ್ಸ್ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ಝಾಡಮಾಲಿ ಫ್ಯಾನಿನ ಮೋಟರು, ಕಸಬರಗಿಯ ಹಿಡಿ ಮತ್ತು ದಿಂಬಿನ ಚೀಲ ಕೂಡಿಸಿ ಕೈಯಲ್ಲಿ ಹಿಡಿಯುವ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟೂ ಸಿಕ್ಕಿತು, ಅದನ್ನು ಕೊಂಡ ಹೂವರ್ ಮನೆತನ ಶ್ರೀಮಂತವಾಯಿತು. ದಿಂಬಿನ ಚೀಲವೇ ಅಲ್ಲಿನ ಫಿಲ್ಟರು. ನೂರು ವರ್ಷ ಕಳೆದರೂ ಅಗ್ಗದ ಡ್ರಮ್ಮುಗಳಲ್ಲಿ ಇರುವುದು ಅದರ ಮೊಮ್ಮಗನೇ, ಒಂದು ಬಟ್ಟೆಯ ಚೀಲ. ಕೆಲವದರ ಮೇಲೆ ಹೆಪಾ ಎಂಬ ಚೀಟಿ ಇರುತ್ತದೆ. ಖರೇ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ತಡೆಯಬೇಕು. ಚೀಟಿ ಅಂಟಿಸುವುದಕ್ಕೆ ಅಷ್ಟೆಲ್ಲ ತಡೆಯಬೇಕಾಗಿಲ್ಲ. ಮಸಾರಿಯ ಹಿಟ್ಟು ಬಟ್ಟೆಯ ಕಣ್ಣುಗಳನ್ನು ಮುಚ್ಚಿದಾಗ ಗಾಳಿ ನಿಲ್ಲುತ್ತದೆ, ಮೋಟರು ಚೀರುತ್ತದೆ, ಜನ ಮಶೀನು ಕೆಟ್ಟಿತು ಎನ್ನುತ್ತಾರೆ.

ನನ್ನ ಹೆಂಡತಿಯ ತಮ್ಮ ತನ್ನ ಮಗಳ ನಿಶ್ಚಯಕ್ಕೆ ಬೊಲೆರೊ ಸ್ವಚ್ಛ ಮಾಡಬೇಕೆಂದು ಡ್ರಮ್ಮು ಒಯ್ದಿದ್ದ. ಎರಡನೇ ದಿನ ಫೋನು.

"ಮಾಮಾ, ಎಳಿಯೂದ ಬಿಟ್ಟೈತಿ. ಬರೇ ಒದರತೈತಿ."

"ಫಿಲ್ಟರ್ ಝಾಡಿಸಪಾ."

"ಝಾಡಿಸಿದ್ನಿ. ಕೆಂಪ ಧೂಳಾ ಬೀಳಾಕತ್ತೈತಿ. ನಮ್ಮ ಗಾಡ್ಯಾಗ ಇಂಥಾ ಮಣ್ಣ ಇಲ್ಲ. ಇದು ನಿಮ್ಮ ಊರಿಂದು."

ಹಿಂದಿನಿಂದ ಹೆಂಡತಿ ನಕ್ಕದ್ದು ಫೋನಿನಲ್ಲೂ ಕೇಳಿಸಿರಬೇಕು. ಇನ್ನೊಂದು ಫಿಲ್ಟರು ಬಸ್ಸಿನಲ್ಲಿ ನವಲಗುಂದಕ್ಕೆ ಹೋಯಿತು.

ನೀರು ಎಳೆಯುವಾಗ ಬಟ್ಟೆಯ ಚೀಲ ತೆಗೆದು ಸ್ಪಂಜಿನ ತೋಳು ಹಾಕಬೇಕು. ಡ್ರಮ್ಮಿನೊಳಗೆ ತೇಲುವ ಒಂದು ಚೆಂಡು ಇರುತ್ತದೆ. ನೀರು ಏರಿದಂತೆ ಅದೂ ಏರಿ ಗಾಳಿಯ ಬಾಯಿ ಮುಚ್ಚಿ ಮೋಟರನ್ನು ಉಳಿಸುತ್ತದೆ. ಮೋಟರು ತಂಪಾಗುವುದಕ್ಕೂ ಬೇರೆಯೇ ಗಾಳಿಯ ದಾರಿ ಇರುತ್ತದೆ, ಎಳೆದ ಹಸಿ ಗಾಳಿ ಅದರ ಮೈಗೆ ತಾಗುವುದಿಲ್ಲ. ಬರೇ ಒಣ ಕಸದ ವ್ಯಾಕ್ಯೂಮಿನಿಂದ ನೀರು ಎಳೆಯಲು ಹೋಗಬಾರದು ಅನ್ನುವುದು ಇದಕ್ಕೇ. ಧಾರವಾಡದ ಜುಲೈ ಕಂಡವರಿಗೆ ಈ ಹಸಿ ಕೆಲಸದ ಬೆಲೆ ಗೊತ್ತು. ಧೋ ಎಂದು ಸುರಿದು ಹೋಗುವ ಮಳೆ ಅಲ್ಲ ನಮ್ಮದು. ಜಿಟಿ ಜಿಟಿ ಎಂದು ವಾರಗಟ್ಟಲೆ ಕೂಡುವ ಮಳೆ. ಒದ್ದೆ ಛತ್ರಿ, ಒದ್ದೆ ಚಪ್ಪಲಿ, ಕಾರ್ಪೆಟ್ಟಿನ ಕೆಳಗೆ ಮುಗ್ಗಲು ವಾಸನೆ. ಶಾಂಪೂ ನೀರು ಚಿಮುಕಿಸಿ ಬ್ರಷ್ಷಿನಿಂದ ಉಜ್ಜಿ ಎಳೆದಾಗ ಡ್ರಮ್ಮಿನಲ್ಲಿ ಬಿದ್ದ ನೀರಿನ ಬಣ್ಣ ನೋಡಿ, ಇಷ್ಟು ವರ್ಷ ಇದರ ಮೇಲೆ ಕೂತು ದೇವಸ್ಥಾನಕ್ಕೆ ಹೋಗುತ್ತಿದ್ದೆವಲ್ಲ ಎನಿಸಿತು.

ಯಂತ್ರದ ಗದ್ದಲಕ್ಕೆ ಔಷಧ ಇಲ್ಲ. ಮಿಕ್ಸರಿನಲ್ಲಿ, ಡ್ರಿಲ್ಲಿನಲ್ಲಿ ಇರುವ ಯೂನಿವರ್ಸಲ್ ಮೋಟರೇ ಇದರಲ್ಲೂ ಇರುವುದು, ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು. ಇದರಲ್ಲಿ ಒಂದು ಲಾಭವೂ ಇದೆ: ಸವೆಯುವುದು ಹೆಚ್ಚಾಗಿ ಕಾರ್ಬನ್ನು, ಅದನ್ನು ಓಣಿಯ ಮಿಕ್ಸರ್ ರಿಪೇರಿಯವನೇ ಬದಲಿಸಿಕೊಡುತ್ತಾನೆ. ಆದರೆ ಧಾರವಾಡದಲ್ಲಿ ಮಧ್ಯಾಹ್ನದ ಊಟದ ಮೇಲಿನ ನಿದ್ದೆಗೆ ಸಂವಿಧಾನದಷ್ಟೇ ಮರ್ಯಾದೆ. ಮೊದಲ ರವಿವಾರ ಊಟ ಮುಗಿಸಿ ಡ್ರಮ್ಮು ಚಾಲೂ ಮಾಡಿದೆ. ಕಾಕಾ ಬನಿಯನ್ನಿನಲ್ಲೇ ಕಟ್ಟೆಗೆ ಬಂದು ನಿಂತರು. "ಭೌತಶಾಸ್ತ್ರ ಖರೇ ಅದ," ಎಂದರು, "ಆದ್ರ ನಾಕರ ಮ್ಯಾಲ ಖರೇ ಅದ." ಈಗ ಸಂಜೆ ನಾಲ್ಕರ ಮೇಲೆ ನಡೆಯುತ್ತದೆ. ಅವರ ಮನೆಯ ಬಚ್ಚಲು ಕಟ್ಟಿಕೊಂಡಾಗ ರಾತ್ರಿ ಹತ್ತಕ್ಕೂ ನಡೆದಿದೆ, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಓಣಿಯಲ್ಲಿ ಮೂರು ಮನೆಯವರು ಇದೇ ಡ್ರಮ್ಮು ಒಯ್ಯುತ್ತಾರೆ. ತಿಂಗಳಿಗೆ ಅರ್ಧ ತಾಸು ಬಳಸುವ ಸಾಮಾನು, ಒಂದು ಮನೆಗೊಂದು ಯಾಕೆ ಬೇಕು? ಹೊಸ ಫಿಲ್ಟರಿನ ರೊಕ್ಕ ಎಲ್ಲರೂ ಕೂಡಿ ಹಾಕುತ್ತೇವೆ. ಕೊಕ್ಕಿನ ಮೂತಿ ಮಾತ್ರ ಹೆಂಡತಿಯ ಸುಪರ್ದಿಯಲ್ಲಿ, ಕಪಾಟಿನಲ್ಲಿ, ಸೀರೆಗಳ ಹಿಂದೆ.

ಖಂಡೇನವಮಿಗೆ ಕಾರಿನ ಜೊತೆ ಡ್ರಮ್ಮಿಗೂ ಕುಂಕುಮ ಹಚ್ಚಿ, ಪೈಪಿಗೆ ಚೆಂಡುಹೂವಿನ ಸರ ಹಾಕಿದಳು. ಮರುದಿನ ಬನ್ನಿ. ಊರೆಲ್ಲ ತಿರುಗಿ, ಹಿರಿಯರ ಕಾಲಿಗೆ ಬಿದ್ದು, ಬನ್ನಿ ಕೊಟ್ಟು ಬಂಗಾರದ ಹಾಂಗ ಇರೋಣ ಎಂದು ಹೇಳಿ ಹೇಳಿಸಿಕೊಂಡು ಬರುವಷ್ಟರಲ್ಲಿ ಕಾರಿನ ತುಂಬ ಬನ್ನಿ. ಅದರ ಎಲೆ ಎಷ್ಟು ಸಣ್ಣದೆಂದರೆ ಕಡ್ಡಿಯಿಂದ ಉದುರಿದರೆ ಜೀರಿಗೆಯ ಹಾಗೆ ಕಾಣುತ್ತದೆ. ಜಮಖಾನಾದ ಮೇಲೆ, ಡ್ಯಾಶ್‌ಬೋರ್ಡಿನ ಸಂದಿಯಲ್ಲಿ, ಸೀಟಿನ ಹಳಿಯಲ್ಲಿ, ಎಲ್ಲೆಲ್ಲೂ. ಮರುದಿನ ಸಂಜೆ, ನಾಲ್ಕರ ಮೇಲೆಯೇ, ನಾನು ಪೈಪು ಹಿಡಿದು ನಿಂತೆ.

"ಏನ್ ಮಾಡಾಕತ್ತೀರಿ?" ಎಂದಳು.

"ಸ್ವಚ್ಛ ಮಾಡಾಕತ್ತೇನಿ."

"ಬಂಗಾರ ಎಳೀತೀರೇನು?"

ಪೈಪು ಕೆಳಗಿಟ್ಟೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿ, ಹಿಂದಿನ ಸೀಟಿನಲ್ಲಿ ಕೂತು, ಜಮಖಾನಾದ ಮೇಲಿನ ಎಲೆಗಳನ್ನು ಬೆರಳಿಂದ ಒಂದೊಂದಾಗಿ ಕೂಡಿಸಿ ಒಂದು ಹಾಳೆಯಲ್ಲಿ ಹಾಕಿದಳು. ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಹಳಿಯ ಸಂದಿಯಲ್ಲಿ, ಹಳೇ ಚುರಮರಿಯ ನಡುವೆ, ಇನ್ನೂ ಹಿಡಿಯಷ್ಟು ಬನ್ನಿ ಇತ್ತು. ಕೈ ಹೋಗಲಿಲ್ಲ. ಎದ್ದು ಹಾಳೆ ಮಡಚಿಕೊಂಡು ಒಳಗೆ ಹೊರಟಳು.

"ಉಳದದ್ದು?" ಎಂದೆ.

"ಕಾಣದ್ದು ಎಳೀರಿ. ನಡೀತೈತಿ."